ನಿಮ್ಮೂರ ಹಸು ಏನು ತಿನ್ನುತ್ತೆ

ರಷ್ಯಾದಲ್ಲಿ ಅಣು ಕರೆಂಟಿನ ಕಾರ್ಖಾನೆ ಸಿಡಿದ ವರ್ಷ, ಅಲ್ಲಿ ಓದೋಕೆ ಹೋಗಿದ್ದ ನಮ್ಮ ಸಖರಾಯಪಟ್ಟಣದ ಹುಡುಗ ಬಿಳಿ ಹೆಂಡ್ತೀನ ಬಿಟ್ಟು ಬಂದವ್ನೆ ಅಂತ ಊರೆಲ್ಲ ಗುಲ್ಲು. ನಿಜ ತಿಳ್ಕೊಳ್ಳೋಕೆ ಅಂತಲೇ ಅವನು ಹತ್ತಿದ ಕಡೂರು ಬಸ್ಸು ಹತ್ತಿ ಅವನ ಪಕ್ಕಾನೇ ಜಾಗ ಹಿಡಿದೆ.

“ಬಸುರೀನ ಬಿಟ್ಟು ಬಂದ್ಯಂತಲ್ಲೋ?”

“ಬಿಟ್ಟಿಲ್ಲ ಕಣಜ್ಜಿ, ಅವಳಿಗಿನ್ನೂ ಕಾಗದಪತ್ರ ಸಿಕ್ಕಿಲ್ಲ. ಅಲ್ಲಿ ಅಣು ಧೂಳು ಮಳೇಲಿ ಹುಲ್ಲಿಗೆ ಇಳಿದಿದೆ. ಅದನ್ನ ಮೇಯ್ದ ಹಸುವಿನ ಹಾಲು ಕುಡಿಯೋ ಹಾಗಿಲ್ಲ.”

“ನೋಡಿದ್ರೆ ಗೊತ್ತಾಗಲ್ವಾ?”

“ಹಾಲು ಹಾಲಿನ ಹಾಗೇ ಇರುತ್ತೆ. ‘ನಿಮ್ಮೂರ ಹಸು ಏನು ತಿನ್ನುತ್ತೆ’ ಅಂತ ಪ್ರತಿ ಕಾಗದದಲ್ಲೂ ಕೇಳ್ತಾಳೆ.”

“ಗರಿಕೆ ಅಂತ ಬರಿ. ನಮ್ಮನೆ ಗಬ್ಬದ ಹಸು ಶ್ರಾವಣಕ್ಕೆ ಕರು ಹಾಕುತ್ತೆ, ಅಷ್ಟರಲ್ಲಿ ಬಾ ಅನ್ನು.”

ಅವನು ಕಿಟಕಿ ಕಡೆ ತಿರುಗಿಕೊಂಡ. ಕಡೂರು ಬರೋ ತನಕ ಈ ಕಡೆ ನೋಡಲಿಲ್ಲ.

ವಾಪಸ್ಸು ಬಂದಾಗ ಓರಗಿತ್ತಿ, “ತಾಳಿ ಕಟ್ಟವ್ನಂತಾ?” ಅಂದ್ಲು. ಅದನ್ನ ಕೇಳೋದೇ ಮರೆತುಬಿಟ್ಟಿದ್ದೆ. ಬಸ್ ಚಾರ್ಜು ದಂಡ.