ಗೋಡೆಯಾಚೆಯ ಅಜ್ಜಿ

ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಒಂಟಿಯಾಗಿದ್ದ ನಾನು ವರ್ಗವಾಗಿ ಕೊಪ್ಪಳಕ್ಕೆ ಬಂದೆ. ಕಚೇರಿಗೆ ಹತ್ತೇ ನಿಮಿಷದ ನಡಿಗೆ. ಅದೇ ದೊಡ್ಡ ಸುಖವೆನಿಸಿತ್ತು. ಮೂರನೇ ವಾರ ಜ್ವರ ಬಂತು. ಯಾರಿಗೂ ಹೇಳಿರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ, ಒಮ್ಮೆಯೂ ಮಾತಾಡಿಸಿರದ ಪಕ್ಕದ ಮನೆಯ ಅಜ್ಜಿ ಗಂಜಿ ಹಿಡಿದು ನಿಂತಿದ್ದರು.

“ಜ್ವರ ಇಳೀತೇನ್ರಿ?”

“ನಿಮಗೆ ಯಾರು ಹೇಳಿದ್ರು?”

“ನಡುವ ಒಂದ ಗ್ವಾಡಿ ಐತಲ್ರಿ, ಎಲ್ಲಾ ಕೇಳತೈತಿ, ಜ್ವರದಾಗ ನರಳೂದೂ. ನಿದ್ದಿಯೊಳಗ ದಿನಾ ‘ಅಮ್ಮಾ, ಬಾಗಿಲು ತೆಗಿ’ ಅಂತ ಕೂಗ್ತೀರಿ. ನಿನ್ನಿ ಮಾತ್ರ ಕೂಗಲಿಲ್ಲ. ಯಾರೋ ಬಾಗಿಲಾ ತಗದಂಗ ಸಪ್ಪಳಾತು.”

ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ನಾನು ಹಾಗೆ ಕೂಗುವುದನ್ನು ಬೆಂಗಳೂರಿನಲ್ಲಿ ಯಾರೂ ಕೇಳಿಸಿಕೊಂಡಿರಲಿಲ್ಲ.

ಅಂದು ಮಂಚವನ್ನು ಆ ಗೋಡೆಯಿಂದ ದೂರ ಎಳೆದೆ. ಮರುದಿನ ಒಬ್ಬಳೇ ಮಲಗಲು ಅಳುಕಾಗಿ ಮತ್ತೆ ಅಲ್ಲಿಗೇ ತಳ್ಳಿದೆ.