ನಾನು ಕಲಿಸಿದ ಸಹಿ

ಮಧುಗಿರಿಯಲ್ಲಿ ಬಸ್ಸಿಳಿದವಳು ಮೊದಲು ಎರಡು ಹೆಜ್ಜೆ ಹಿಂದೆ ಸರಿದೆ. ಎದುರಿಗೆ ಒಂದೇ ಬಂಡೆ, ಆಕಾಶದವರೆಗೆ. ಅದರ ಮೈಮೇಲೆ ಕೋಟೆ. ಈಗಲೋ ಆಗಲೋ ಊರಿನ ಮೇಲೆ ಉರುಳೀತು ಅನಿಸಿತು. ಕುಮಟೆಯ ಕಡಲ ಬದಿಯಲ್ಲಿ ಬೆಳೆದವಳಿಗೆ ಕಣ್ಣು ಚಾಚಲು ಜಾಗ ಬೇಕು.

ರಾಜ್ಯ ಒಂದಾದ ಮೇಲೆ ನಮ್ಮಂಥವರನ್ನು ಎಲ್ಲಿಗೆ ಬೇಕಾದರೂ ಎಸೆಯಬಹುದಲ್ಲ, ಹಾಗೆ ಬಂದು ಬಿದ್ದ ನರ್ಸು ನಾನು. ಗಂಡ ತೀರಿಕೊಂಡಿದ್ದ. ಐದು ವರ್ಷದ ಮಗಳು ಶಾರದೆಯನ್ನು ಅಕ್ಕನ ಬಳಿ ಬಿಟ್ಟು, ಎರಡೇ ವರ್ಷ, ವರ್ಗ ಮಾಡಿಸಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಊರು ಹೇಗಿದೆ ಎಂದು ಕೇಳುತ್ತೀರಿ. ರೈಲಿಲ್ಲ. ಮೀನಿನ ಮಾತು ಎತ್ತಲೇಬೇಡಿ. ಕೊರಟಗೆರೆ, ಶಿರಾ, ಪಾವಗಡಕ್ಕೆ ಬಸ್ಸುಗಳಿವೆ; ಪಾವಗಡದಿಂದ ಇಳಿಯುವವರ ಕನ್ನಡದಲ್ಲಿ ಅರ್ಧ ತೆಲುಗು. ಸಂತೆಯಲ್ಲಿ ಕಡಲೆಕಾಯಿ, ಹುಣಸೆಹಣ್ಣು, ಕುರಿ. ನಮ್ಮಲ್ಲಿ ದಿನವೂ ಅನ್ನ, ಇಲ್ಲಿ ಅನ್ನ ಹಬ್ಬಕ್ಕೆ. ಉಳಿದಂತೆ ರಾಗಿಮುದ್ದೆ, ಜೊತೆಗೆ ಬಸ್ಸಾರು, ಅಂದರೆ ಸೊಪ್ಪು ಬೇಯಿಸಿ ಬಸಿದ ನೀರಿಗೆ ಖಾರ ಕೂಡಿಸಿದ ಸಾರು. ಮೊದಲ ದಿನ ಮುದ್ದೆಯನ್ನು ಅಗಿಯುತ್ತಾ ಕೂತೆ. ನಾನು ಬಾಡಿಗೆಗಿದ್ದ ಮನೆಯ ಒಡತಿ ರಂಗಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ನರ್ಸಮ್ಮ, ಅಗಿಬಾರ್ದು ಕಣಮ್ಮ. ನುಂಗ್ಬುಡು!"

ನುಂಗುವುದನ್ನು ಕಲಿತೆ.

ಸುತ್ತಲ ಹಳ್ಳಿಗಳಿಗೆಲ್ಲ ನಮ್ಮದೊಂದೇ ಆಸ್ಪತ್ರೆ, ಹೆರಿಗೆಗೆ ನಾನೊಬ್ಬಳೇ. ಮಿಡಿಗೇಶಿಯಿಂದ ಎತ್ತಿನ ಗಾಡಿಯಲ್ಲಿ ಬಸುರಿಯರನ್ನು ಮಲಗಿಸಿ ತರುತ್ತಿದ್ದರು. ರಂಗಮ್ಮನ ಸೊಸೆಗೆ ಮೊದಲೆರಡು ಕೂಸು ಹೋಗಿದ್ದವು. ಮೂರನೆಯದು ನನ್ನ ಕೈಯಲ್ಲಿ ಅತ್ತಿತು. ಅಂದಿನಿಂದ ನಾನು ಆ ಮನೆಯವಳೇ ಆದೆ. "ಹೆಬ್ಬೆಟ್ಟು ಒತ್ತಕ್ಕೆ ನಾಚ್ಕೆಯಾಯ್ತದೆ, ನಂಗೂ ಸೈನು ಕಲಿಸ್ಕೊಡು" ಎಂದು ರಂಗಮ್ಮ ಹಟ ಹಿಡಿದಳು. ಜಗಲಿಯಲ್ಲಿ ಸ್ಲೇಟು ಹಿಡಿದು, ಅವಳ ಒರಟು ಕೈಯ ಮೇಲೆ ನನ್ನ ಕೈಯಿಟ್ಟು ತಿದ್ದಿಸಿದೆ. ಮಗಳಿಗೆ ತಿದ್ದಿಸಬೇಕಾದ ಕೈ ಅದು.

ಎರಡು ವರ್ಷ ನಾಲ್ಕಾಯಿತು. ಕೊನೆಗೂ ಕುಮಟೆಗೆ ವರ್ಗದ ಆದೇಶ ಬಂತು! ಮೊದಲು ಹೇಳಿದ್ದು ರಂಗಮ್ಮನಿಗೆ. "ಒಳ್ಳೇದಾಯ್ತು ಬುಡು" ಎಂದು ಒಳಗೆ ಹೋದಳು. ನಾನು ಟ್ರಂಕು ತುಂಬಿದೆ, ಶಾರದೆಗೆ ಕಾಗದ ಹಾಕಿದೆ.

ಎರಡು ವಾರಕ್ಕೆ ಆದೇಶ ರದ್ದು. ಡಾಕ್ಟರು ಒಂದು ಅರ್ಜಿಯ ನಕಲನ್ನು ನನ್ನತ್ತ ಸರಿಸಿದರು. ಈ ನರ್ಸಮ್ಮನನ್ನು ನಮ್ಮೂರಿಂದ ಕಳಿಸಬಾರದು ಎಂದು ಊರವರ ಬೇಡಿಕೆ. ಹಾಳೆ ತುಂಬ ಹೆಬ್ಬೆಟ್ಟುಗಳು. ಎಲ್ಲಕ್ಕಿಂತ ಮೇಲೆ ಒಂದೇ ಒಂದು ಸಹಿ, ನಾನು ತಿದ್ದಿಸಿದ ಅದೇ ಅಕ್ಷರಗಳಲ್ಲಿ.

"ನನ್ನ ಮಗಳು ಕಾಯ್ತಾ ಇದ್ದಾಳೆ ಅಂತ ನಿನಗೆ ಗೊತ್ತಿರಲಿಲ್ವಾ?" ಎಂದು ಮನೆಗೆ ಬಂದವಳೇ ಕೂಗಾಡಿದೆ.

"ಗೊತ್ತಿತ್ತು ಕಣಮ್ಮ." ರಂಗಮ್ಮ ತಲೆ ಎತ್ತಲಿಲ್ಲ. "ನಿನ್ ಮಗು ಅಲ್ಲಿ ಚೆನ್ನಾಗೈತೆ. ನೀನ್ ಹೊಂಟೋದ್ರೆ ನಮ್ ಕೂಸುಗಳು ಸಾಯ್ತವೆ."

ಮೋಸಗಾತಿ ಎಂದೆ. ಆಮೇಲೆ ಮಾತು ಬಿಟ್ಟೆ. ಅವಳು ಮಾತ್ರ ದಿನವೂ ಮುದ್ದೆಯ ತಟ್ಟೆ ಮುಚ್ಚಿ ನನ್ನ ಬಾಗಿಲಲ್ಲಿ ಇಟ್ಟು ಹೋಗುತ್ತಾಳೆ. ಸಿಟ್ಟಿನಲ್ಲೇ ನುಂಗುತ್ತೇನೆ.

ನಿನ್ನೆ ಶಾರದೆಯ ಕಾಗದ ಬಂತು. ಅಕ್ಷರ ಅಕ್ಕನೇ ಕಲಿಸಿರಬೇಕು, ಗುಂಡಗಿದೆ. ಯಾಕೆ ಬರಲಿಲ್ಲ ಎಂದು ಅವಳು ಕೇಳಿಲ್ಲ. ಒಂದೇ ಸಾಲು: "ನಿನ್ನ ಊರಲ್ಲಿ ಸಮುದ್ರ ಇಲ್ಲವಂತೆ, ಹೌದಾ?"