ಜೆನೋನ್ ಕುಬಿಕನ ಖಾಲಿ ಫಾರಂ

ಜೆನೋನ್ ಕುಬಿಕ್ ಡೆಟ್ರಾಯ್ಟಿನ ಕಾರು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಾಗಿಲುಗಳಿಗೆ ತಿರುಪು ಹಾಕಿ ನಿವೃತ್ತನಾದವನು. ಮನೆಯಲ್ಲಿ ಮಾತ್ರ ಒಂದೇ ಒಂದು ತಿರುಪನ್ನೂ ಮುಟ್ಟಿದವನಲ್ಲ ಎಂದು ಹೆಂಡತಿ ಲೂಸಿನಾ ಕಂಡಕಂಡವರ ಮುಂದೆ ಹೇಳುತ್ತಿದ್ದಳು. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹಿಮ ಬಿದ್ದ ದಿನ ಮನೆಮುಂದಿನ ಬೀದಿಯಲ್ಲಿ ಹಿಮ ಎತ್ತಿ ಗಂಡನ ಕಾರಿಗೆ ಜಾಗ ಬಿಡಿಸುತ್ತಿದ್ದವಳು ಲೂಸಿನಾ. ಬೇರೆಯವರು ಬಂದು ನುಗ್ಗದಿರಲಿ ಎಂದು ಅಡುಗೆಮನೆಯ ಕುರ್ಚಿಯನ್ನು ಅಲ್ಲಿ ಇಡುತ್ತಿದ್ದವಳೂ ಅವಳೇ. ಜೆನೋನನ ಪಾಲಿಗೆ ಉಳಿದದ್ದು ಬಂದು ಕಾರು ನಿಲ್ಲಿಸುವುದು.

ಆ ಜನವರಿಯಲ್ಲಿ ಅವನು ಅದನ್ನೂ ಕೆಡಿಸಿದ. ಕ್ಷೌರ ಮಾಡಿಸಿಕೊಂಡು ಬರುವಾಗ ಯಾವನೋ ಯುವಕ ಕುರ್ಚಿ ಎತ್ತುತ್ತಿರುವುದು ಕಂಡಿತು. ಕುರ್ಚಿಗೆ ಕೈ ಹಾಕುವುದೆಂದರೆ ನಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಮನೆಗೆ ಕನ್ನ ಹಾಕಿದಂತೆ. ಜೆನೋನ್ ಕಿಟಕಿ ಇಳಿಸಿ, ಮುಷ್ಟಿ ಆಡಿಸಿ, ಬಾಯಿಗೆ ಬಂದದ್ದನ್ನೆಲ್ಲ ಬೈದು, ಬ್ರೇಕು ಒತ್ತುವುದನ್ನು ಮರೆತು ಹೋಗಿ ದೀಪದ ಕಂಬಕ್ಕೆ ಗುದ್ದಿದ. ಬಲಗೈ ಮಣಿಕಟ್ಟು ಮುರಿಯಿತು. ಪಾಪ, ಆ ಹುಡುಗ ಇವನ ಕಾರು ಬರುವುದನ್ನು ಕಂಡು ಕುರ್ಚಿ ಸರಿಸಿಕೊಡುತ್ತಿದ್ದನಂತೆ.

ಮೂರು ದಿನ ಬಿಟ್ಟು ಗಂಡಹೆಂಡಿರು ವಿಮೆ ಏಜೆಂಟ್ ನಬೀಲಾಳ ಕಚೇರಿಗೆ ಹೋದರು. ತಪ್ಪು ತನ್ನದಾದ ಮೇಲೆ ಆಸ್ಪತ್ರೆಯ ಖರ್ಚು ಯಾರು ಕೊಡುತ್ತಾರೆ ಎಂದು ಜೆನೋನ್ ದಾರಿಯುದ್ದಕ್ಕೂ ಒಂದು ಕೆಂಪು ಟ್ರಕ್ಕಿನ ಕಥೆ ಹೊಸೆಯುತ್ತಿದ್ದ.

"ನೋಡಮ್ಮಾ, ಒಂದು ಕೆಂಪು ಟ್ರಕ್ಕು ಅಡ್ಡ ಬಂತು..." ಎಂದು ಶುರು ಮಾಡಿದ.

"ಟ್ರಕ್ಕು ಬೇಡ ಬಿಡಿ, ಮಿಸ್ಟರ್ ಕುಬಿಕ್," ಎಂದಳು ನಬೀಲಾ. "ನಮ್ಮ ಮಿಶಿಗನ್ ರಾಜ್ಯದಲ್ಲಿ ನಿಮ್ಮ ಗಾಯಕ್ಕೆ ನಿಮ್ಮ ವಿಮೆಯೇ ಕೊಡುತ್ತೆ. ತಪ್ಪು ಯಾರದು ಅಂತ ನಾವು ಕೇಳೋದೇ ಇಲ್ಲ."

ಜೆನೋನನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮದುವೆಯಾದ ಮೇಲೆ ಇಂಥ ಮಾತನ್ನು ಅವನು ಕೇಳಿಯೇ ಇರಲಿಲ್ಲ. ಲೂಸಿನಾಳಿಗೆ ಮಾತ್ರ ತುಂಬಾ ಬೇಸರವಾಯಿತು.

"ಕೇಳೋದೇ ಇಲ್ವಾ? ಒಂದ್ಸಲಾನೂ? ನನ್ನನ್ನಾದ್ರೂ ಕೇಳಿ, ನಾನು ಹೇಳ್ತೀನಿ."

ನಬೀಲಾ ನಗು ನುಂಗಿಕೊಂಡು ಇನ್ನೊಂದು ಫಾರಂ ಮುಂದಿಟ್ಟಳು. ಗಾಯಕ್ಕೆ ಮುಂಚೆ ಮನೆಯಲ್ಲಿ ಮಾಡುತ್ತಿದ್ದ ಕೆಲಸವನ್ನು ಈಗ ಬೇರೆ ಯಾರಾದರೂ ಮಾಡಿದರೆ ಅದಕ್ಕೂ ದಿನಕ್ಕೆ ಇಪ್ಪತ್ತು ಡಾಲರ್‌ವರೆಗೆ ಸಿಗುತ್ತದೆ. ಆ ಕೆಲಸಗಳ ಹೆಸರು ಬರೆಯಬೇಕು, ಹೆಂಡತಿ ಸಹಿ ಹಾಕಬೇಕು.

"ಹೇಳು," ಎಂದಳು ಲೂಸಿನಾ, ಪೆನ್ನು ಹಿಡಿದು. "ಪಾತ್ರೆ?"

"ಇಲ್ಲ."

"ಬಟ್ಟೆ? ಕಸ? ಹಿಮ ಎತ್ತೋದು?"

"ನನ್ನ ಸೊಂಟ..."

"ಸೊಂಟಕ್ಕೆ ಇಲ್ಲಿ ಜಾಗ ಇಲ್ಲ ಮಾರಾಯ. ಮೂವತ್ತೆಂಟು ವರ್ಷದಲ್ಲಿ ಒಂದು ಕೆಲಸ ಹೇಳು, ಒಂದೇ ಒಂದು. ನಾನು ಎರಡು ಸಹಿ ಹಾಕ್ತೀನಿ."

ಒಂದು ಇತ್ತು. ಅದನ್ನು ಹೇಳುವ ಹಾಗಿರಲಿಲ್ಲ.

ಮದುವೆಯ ಮೊದಲ ಚಳಿಗಾಲದಲ್ಲಿ ಲೂಸಿನಾ ಚರ್ಚಿನಿಂದ ಸಂತ ಕ್ರಿಸ್ತೋಫರನ ಪದಕ ತಂದು ತನ್ನ ಪುಟ್ಟ ಕಾರಿನಲ್ಲಿ ತೂಗುಹಾಕಿದ್ದಳು. ಸಂತ ಪ್ರಯಾಣಿಕರನ್ನು ಕಾಯುವವನು. ಮರುದಿನ ಬೆಳಗ್ಗೆ ಐದಕ್ಕೆ ಬೇಕರಿ ಕೆಲಸಕ್ಕೆ ಹೊರಟರೆ, ಬೀದಿಯ ಎಲ್ಲ ಕಾರುಗಳ ಗಾಜಿನ ಮೇಲೂ ಮಂಜು ಗಟ್ಟಿಯಾಗಿದೆ, ಅವಳ ಗಾಜು ಮಾತ್ರ ಫಳಫಳ! ಸಿಗರೇಟು ಸೇದಲು ಹೊರಗೆ ಹೋಗಿದ್ದ ಜೆನೋನ್ ಸುಮ್ಮನೆ ನಿಂತಿರಲಾರದೆ ಕೆರೆದಿದ್ದ, ಅಷ್ಟೆ. ಅವಳು ಓಡಿ ಬಂದು "ಸಂತ ಕಣ್ಣು ಬಿಟ್ಟ!" ಎಂದಾಗ ಅವಳ ಮುಖ ನೋಡಿ ಅವನ ಬಾಯಿಗೆ ಬೀಗ ಬಿತ್ತು. ನಿಜ ಹೇಳಿದರೆ ನಾಳೆಯಿಂದ ಅದು ಡ್ಯೂಟಿ ಆಗಿಬಿಡುತ್ತದೆ ಎಂಬ ಲೆಕ್ಕಾಚಾರವೂ ಇತ್ತೆನ್ನಿ. ಸೋಮಾರಿಗಳು ಮುಂದಾಲೋಚನೆಯ ಜನ. ಅಂತೂ ಅಂದಿನಿಂದ ಚಳಿಗಾಲದ ಪ್ರತಿ ನಸುಕಿನಲ್ಲೂ ಒಂದು ಸಿಗರೇಟು, ಒಂದು ಗಾಜು. ಲೂಸಿನಾ ಈ ಪವಾಡವನ್ನು ಇಡೀ ಚರ್ಚಿಗೆ ಸಾರಿದ್ದಳು. ಅವಳ ಮಾತು ಕೇಳಿ ಅಕ್ಕ ವಾಂಡಾ ನಾಲ್ಕು ಪದಕ ಕೊಂಡು, ಒಂದೂ ಫಲ ಕೊಡದೆ, ತನ್ನ ಭಕ್ತಿ ಸಾಲದೆಂದು ಅಳುತ್ತಿದ್ದಳು.

ಈಗ ಮೂರು ಬೆಳಗಿನಿಂದ ಲೂಸಿನಾಳ ಗಾಜು ಮಂಜುಗಟ್ಟಿತ್ತು. ಅವಳು ಬೇಕರಿಯ ಹಿಟ್ಟು ಕೆರೆಯುವ ಪಟ್ಟಿಯಿಂದ ಕೆರೆದುಕೊಂಡು, ಗಂಡ ಕಂಬದ ಹತ್ತಿರ ಕೆಟ್ಟಕೆಟ್ಟದಾಗಿ ಬೈದದ್ದಕ್ಕೇ ಸಂತ ಮುನಿದಿದ್ದಾನೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ನಿಜ ಹೇಳಿದರೆ ತನ್ನ ಮಾನ ಉಳಿಯುತ್ತದೆ, ಅವಳ ಸಂತ ಹೋಗುತ್ತಾನೆ. ಜೆನೋನ್ ಖಾಲಿ ಫಾರಮನ್ನು ಮಡಿಸಿ ಜೇಬಿಗಿಟ್ಟ.

"ನೋಡಿದ್ರಾ?" ಎಂದಳು ಲೂಸಿನಾ ನಬೀಲಾಳಿಗೆ. "ಸದ್ಯ, ಸುಳ್ಳಂತೂ ಹೇಳಲಿಲ್ಲ."

ಮರುದಿನ ನಸುಕಿನಲ್ಲಿ ಅವನು ಕೋಟಿನ ಒಳಜೇಬಿನಿಂದ ಕೆರೆಯುವ ಸಾಧನ ತೆಗೆದು ಎಡಗೈಯಲ್ಲಿ ಹಿಡಿದ. ಎಡಗೈಗೆ ಆ ವಿದ್ಯೆ ಎಲ್ಲಿ ಬರಬೇಕು! ಗಾಜಿನ ಮೂಲೆಯಲ್ಲಿ ಅಂಗೈಯಗಲ ಬಿಡಿಸುವಷ್ಟರಲ್ಲಿ ಕಾಲು ಜಾರಿ ಬಾನೆಟ್ ಮೇಲೆ ಬೋರಲು ಬಿದ್ದ. ಮುಖ ಗಾಜಿಗೆ ಅಂಟಿಕೊಂಡಿತ್ತು. ಒಳಗೆ ಪದಕ ತೂಗಾಡುತ್ತಿತ್ತು. ಹಿಂದಿನಿಂದ ದನಿ ಬಂತು.

"ಜೆನೋನ್."

"ಸಿಗರೇಟು ಸೇದ್ತಿದ್ದೆ," ಎಂದ ಗಾಜಿಗೆ.

ಲೂಸಿನಾ ಅವನ ಎಡಗೈ ನೋಡಿದಳು. ಸಾಧನದ ಹಿಡಿ ಎಷ್ಟೋ ವರ್ಷ ಬಳಸಿ ಸವೆದಿತ್ತು.

"ಎಷ್ಟು ದಿನದಿಂದ?"

"ಸಂತ ಬಂದ ಮರುದಿನದಿಂದ."

ಅವನು ಬೈಗುಳಕ್ಕೆ ಕಾದ. ಅವಳು ಅವನ ಕಾಲರು ಹಿಡಿದು ನೆಟ್ಟಗೆ ನಿಲ್ಲಿಸಿ, ಟೋಪಿ ಸರಿಮಾಡಿ, ಅವನ ಜೇಬಿನಿಂದ ಫಾರಂ ತೆಗೆದು ಬಾನೆಟ್ ಮೇಲಿಟ್ಟು ಬರೆದಳು. ಕೆಲಸ: ಗಾಜಿನ ಮಂಜು ಕೆರೆಯುವುದು. ಎಷ್ಟು ಕಾಲದಿಂದ: ಮೂವತ್ತೆಂಟು ಚಳಿಗಾಲ. ಈಗ ಮಾಡುವವರು: ಲೂಸಿನಾ ಕುಬಿಕ್. ಮಾತು ಕೊಟ್ಟಂತೆಯೇ ಕೆಳಗೆ ಎರಡು ಸಹಿ ಹಾಕಿದಳು. ಎರಡನೆಯದು ಕಣ್ಣೀರು ಬಿದ್ದು ಸ್ವಲ್ಪ ಕಲಸಿಹೋಯಿತು.

ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ವಾಂಡಾ ಆತುರದಿಂದ ಕೇಳಿದಳು, "ಏನೇ, ಸಂತನ ಸಿಟ್ಟು ಇಳೀತಾ? ಗಾಜು ಕ್ಲೀನ್ ಆಯ್ತಾ?"

ಜೆನೋನ್ ನೆಲ ನೋಡುತ್ತ ನಿಂತ. ಲೂಸಿನಾ ಅವನ ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ ತನ್ನ ಕೋಟಿನೊಳಗೆ ಬೆಚ್ಚಗೆ ಸೇರಿಸಿಕೊಂಡಳು.

"ಸಿಟ್ಟೇನೂ ಇಲ್ಲ ಕಣೇ ಅಕ್ಕ. ಪಾಪ, ಸಂತನ ಕೈ ಮುರಿದಿದೆ. ಆರು ವಾರ ಬೇಕಂತೆ."